ಪಹಣಿಯಲ್ಲಿ ಹೆಸರಿಲ್ಲದವರು
ಬಿಡದಿ ಹೋಬಳಿಯ ರೈತ ಕುಟುಂಬಗಳಿಗೆ ಕೆಂಗೇರಿಯಿಂದ ಒಂದು ಬಹಿರಂಗ ಪತ್ರ

ಬೈರಮಂಗಲ, ಕಂಚುಗಾರನಹಳ್ಳಿ ಮತ್ತು ಸುತ್ತಮುತ್ತಲ ಊರುಗಳ ಹಿರಿಯರೇ, ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,



ಬಿಡದಿ ಉಪನಗರಕ್ಕೆ 2025ರಲ್ಲಿ ಅಧಿಸೂಚನೆ ಹೊರಟಾಗಿನಿಂದ ನಿಮ್ಮ ಅರಳಿಕಟ್ಟೆಗಳಲ್ಲಿ ಎರಡೇ ಮಾತು. ಜಮೀನು ಬಿಡುವುದಿಲ್ಲ ಎಂಬುದು ಒಂದು, ಬಿಡಲೇಬೇಕಾಗಿ ಬಂದರೆ ಎಕರೆಗೆ ಎಷ್ಟು ಎಂಬುದು ಇನ್ನೊಂದು. ಮೊದಲನೆಯದರ ಬಗ್ಗೆ ನಿಮಗೆ ಬುದ್ಧಿ ಹೇಳಲು ನಾನು ಯಾರೂ ಅಲ್ಲ. ಧರಣಿ ಕೂತವರ ಮೇಲೆ ನನಗೆ ಗೌರವವಿದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯವರು ಮೂರು ವರ್ಷಕ್ಕೂ ಮಿಕ್ಕಿ ಕೂತು, 2025ರ ಜುಲೈನಲ್ಲಿ 1,777 ಎಕರೆಯ ಸ್ವಾಧೀನವನ್ನು ಸರ್ಕಾರ ಕೈಬಿಡುವಂತೆ ಮಾಡಿದ್ದು ನಮ್ಮ ಕಣ್ಣೆದುರಿಗೇ ಇದೆ. ನಾನು ಬರೆಯುತ್ತಿರುವುದು ಎರಡನೆಯ ಮಾತಿನ ಬಗ್ಗೆ. ಹಣ ಬಂದೇ ಬಂತು ಅಂದುಕೊಳ್ಳಿ. ಅದು ಬಂದ ದಿನದಿಂದ ಮನೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ಯಾವ ಅಧಿಕಾರಿಯೂ ನಿಮಗೆ ಹೇಳುವುದಿಲ್ಲ. ನಾನು ಅದನ್ನು ಬಲು ಹತ್ತಿರದಿಂದ ನೋಡಿದ್ದೇನೆ.

ನಾನು ಕೆಂಗೇರಿ ಕಡೆಯ ಒಂದು ಬ್ಯಾಂಕ್ ಶಾಖೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ನಾಡಪ್ರಭು ಕೆಂಪೇಗೌಡ ಬಡಾವಣೆಗೆ 2008ರಲ್ಲಿ ಪ್ರಾಥಮಿಕ ಅಧಿಸೂಚನೆ ಬಂತು, 2010ರಲ್ಲಿ ಅಂತಿಮ ಅಧಿಸೂಚನೆ. ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ ಹನ್ನೆರಡು ಹಳ್ಳಿಗಳ 4,000 ಎಕರೆಗೂ ಹೆಚ್ಚು ನೆಲ. ಕೊಮ್ಮಘಟ್ಟ, ಸೂಲಿಕೆರೆ, ರಾಮಸಂದ್ರ, ಭೀಮನಕುಪ್ಪೆ, ಕನ್ನಹಳ್ಳಿ, ಚಲ್ಲಘಟ್ಟ, ಇವೆಲ್ಲ ನಿಮಗೂ ನೆಂಟಸ್ತಿಕೆಯ ಊರುಗಳೇ. ಕೆಲವರು ಹಣ ತೆಗೆದುಕೊಂಡರು, ಕೆಲವರು ಅಭಿವೃದ್ಧಿಪಡಿಸಿದ ಜಾಗದಲ್ಲಿ ಶೇಕಡಾ 40 ಪಾಲಿಗೆ ಒಪ್ಪಿದರು, ಕೆಲವರು ಕೋರ್ಟು ಹತ್ತಿದರು. ಬಿಡಿಎಗೆ ಹೋಗದೆ ಉಳಿದ ನೆಲದಲ್ಲಿ ಎಷ್ಟೋ ಖಾಸಗಿ ಲೇಔಟಿನವರ ಕೈಸೇರಿತು. ಯಾವ ದಾರಿಯಲ್ಲಿ ಬಂದರೂ ಚೆಕ್ಕು ಕೊನೆಗೆ ಬ್ಯಾಂಕಿಗೆ ಬರಬೇಕು. ಹಾಗೆ ಬಂದವರು ಹಲವರು ನನ್ನ ಮೇಜಿನ ಎದುರು ಕೂತು ಹೋದರು.

ಹೀಗೆ ಹೊಲ ಹೋಗಿ ಬಡಾವಣೆ ಬರುವುದು ನಮ್ಮ ಪಶ್ಚಿಮ ಬೆಂಗಳೂರಿಗೆ ಹೊಸದೇನಲ್ಲ. 1945ರಲ್ಲಿ ಶುರುವಾದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್, 1976ರಲ್ಲಿ ಅದರ ಜಾಗಕ್ಕೆ ಬಂದ ಬಿಡಿಎ, ಎರಡೂ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳನ್ನು ಕಟ್ಟಿದ್ದು ರಾಗಿ ಹೊಲದ ಮೇಲೆ, ತೋಟದ ಮೇಲೆ. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಮಾರೇನಹಳ್ಳಿ, ಅತ್ತಿಗುಪ್ಪೆ, ಹೊಸಹಳ್ಳಿ ಎಲ್ಲವೂ ಒಂದು ಕಾಲಕ್ಕೆ ನಿಮ್ಮ ಊರಿನಂಥ ಊರುಗಳು. ಅತ್ತಿಗುಪ್ಪೆ, ಹೊಸಹಳ್ಳಿಗಳ ಹೆಸರು ಈಗ ಮೆಟ್ರೊ ನಿಲ್ದಾಣಗಳ ಮೇಲಿದೆ. ಆ ಕಾಲದವರಿಗೆ ಅನ್ಯಾಯವಾಯಿತು, ನಿಜ. ಆದರೆ ಅವರ ಕೈಗೆ ಬಂದ ಪರಿಹಾರ ಒಂದು ಮನೆಯನ್ನು ಒಡೆಯುವಷ್ಟು ದೊಡ್ಡದಾಗಿರಲಿಲ್ಲ. ನಿಮ್ಮ ಕಡೆ ಈಗ ಎಕರೆಗೆ ಕೋಟಿ ದಾಟುವ ಮಾತು ನಡೆದಿದೆ.

ನಾನು ಹೇಳಬೇಕೆಂದಿರುವುದು ಇಷ್ಟು. ಹೊಲ ಎಂದೂ ಒಬ್ಬರದಾಗಿರಲಿಲ್ಲ. ಹಣ ಮಾತ್ರ ಒಬ್ಬರ ಖಾತೆಗೆ ಬರುತ್ತದೆ.

ನಿಮ್ಮ ಮನೆಯನ್ನೇ ನೋಡಿಕೊಳ್ಳಿ. ಪಹಣಿಯಲ್ಲಿ ಒಂದು ಹೆಸರಿದೆ, ಅಪ್ಪನದೋ ಅಣ್ಣನದೋ, ಕೆಲವು ಕಡೆ ತೀರಿಹೋದ ತಾತನದೋ. ಆದರೆ ಡೇರಿಯ ಪುಸ್ತಕ ಮನೆಯಾಕೆಯ ಹೆಸರಿನಲ್ಲಿ. ಹಾಲಿನ ಬಟವಾಡೆ ಅವಳ ಕೈಗೆ ಬರುತ್ತದೆ. ಮಗಳ ಫೀಸು, ಅತ್ತೆಯ ಮಾತ್ರೆ, ಚೀಟಿಯ ಕಂತು ಎಲ್ಲ ಅದರಿಂದಲೇ. ರೇಷ್ಮೆ ಹುಳು ಹಣ್ಣಾದ ರಾತ್ರಿ ಚಂದ್ರಂಕಿಗೆ ಬಿಡಲು ಕಾಲೋನಿಯಿಂದ ನಾಲ್ಕು ಹೆಣ್ಣುಮಕ್ಕಳು ಬರುತ್ತಾರೆ. ಗೂಡು ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾದ ದಿನ ಅವರ ಕೂಲಿ ಮೊದಲು ಎಣಿಸಿ ಕೊಟ್ಟು ಉಳಿದದ್ದು ಮನೆಗೆ. ಸುಗ್ಗಿಯಲ್ಲಿ ತಂಗಿ ಬಂದರೆ ಒಂದು ಮೂಟೆ ರಾಗಿ, ಎರಡು ಸೇರು ಅವರೆಕಾಳು ಬಸ್ಸಿಗೇರುತ್ತದೆ. ವಯಸ್ಸಾದ ಅವ್ವ ತೋಟದ ಬದುವಿನಲ್ಲಿ ಬೆಳೆದ ಸೊಪ್ಪು ಮಾರಿ ಸೆರಗಿನ ಗಂಟಿನಲ್ಲಿ ನೂರಿನ್ನೂರು ಇಟ್ಟುಕೊಂಡಿರುತ್ತಾಳೆ, ಮೊಮ್ಮಕ್ಕಳು ಕೈ ಚಾಚಿದರೆ ಅದರಿಂದಲೇ. ಇವರಲ್ಲಿ ಯಾರ ಹೆಸರೂ ಪಹಣಿಯಲ್ಲಿಲ್ಲ. ಆದರೂ ಇವರಿಗೆಲ್ಲ ಆ ಹೊಲದಲ್ಲಿ ಪಾಲಿತ್ತು. ಯಾರೂ ಬರೆದಿಡದಿದ್ದರೂ ಎಲ್ಲರಿಗೂ ಗೊತ್ತಿದ್ದ ಪಾಲು ಅದು.

ಪರಿಹಾರದ ಚೆಕ್ಕು ಬರುವುದು ಪಹಣಿಯ ಹೆಸರಿಗೆ. ಹೊಲದ ಜೊತೆ ಇದ್ದ ಅಷ್ಟೂ ಜನ ಒಂದೇ ದಿನದಲ್ಲಿ ಲೆಕ್ಕದಿಂದ ಹೊರಗೆ ಬೀಳುತ್ತಾರೆ. ಹಣ ಕಣ್ಣು ಕಟ್ಟುತ್ತದೆ ಎನ್ನುತ್ತೇವಲ್ಲ, ಅದು ಶುರುವಾಗುವುದು ಇಲ್ಲಿಂದ. ದುಂದು, ಕುಡಿತ, ಇಸ್ಪೀಟು ಎಲ್ಲ ಆಮೇಲಿನವು. ಮನೆಯ ಯಜಮಾನ ಕೆಟ್ಟವನಾಗಿರಬೇಕೆಂದೇನೂ ಇಲ್ಲ. ನಾನು ಕಂಡವರಲ್ಲಿ ಹೆಚ್ಚಿನವರು ಒಳ್ಳೆಯವರೇ. ಖಾತೆಯಲ್ಲಿ ತನ್ನ ಹೆಸರೊಂದೇ ಕಾಣುತ್ತದೆ, ಇದು ನನ್ನದು ಎಂಬ ಭಾವನೆ ಕೂತುಬಿಡುತ್ತದೆ. ಅಲ್ಲಿಂದ ಮುಂದೆ ಅವ್ವ ಔಷಧಿಗೆ ಕೇಳಿದರೂ, ಹೆಂಡತಿ ಸಂತೆಗೆ ಕೇಳಿದರೂ ಅದು ತಾನು ಕೊಡುವ ದಾನದಂತೆ ಕಾಣತೊಡಗುತ್ತದೆ.

ಹೆಣ್ಣುಮಕ್ಕಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಬರೆಯಬೇಕು. ಮನೆಗಳು ಅತಿ ಹೆಚ್ಚು ಒಡೆದದ್ದು ಅಲ್ಲಿಯೇ.

ಒಂದು ಮಧ್ಯಾಹ್ನ ಅಣ್ಣನೊಬ್ಬ ಮಾಗಡಿ ಕಡೆಗೆ ಮದುವೆಯಾಗಿದ್ದ ತಂಗಿಯನ್ನು ಶಾಖೆಗೆ ಕರೆತಂದ. ಅವಳ ಹೆಸರಿನಲ್ಲಿ ಖಾತೆ ತೆರೆಯಬೇಕಿತ್ತು. ಹಕ್ಕು ಖುಲಾಸೆ ಪತ್ರಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಂದು ಬೆಳಿಗ್ಗೆಯೇ ಸಹಿಯಾಗಿತ್ತು. ಅವಳ ಬೆರಳಿಗೆ ಅಂಟಿದ್ದ ನೀಲಿ ಮಸಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಮಡಿಲಲ್ಲಿ ಹೊಸ ಸೀರೆಯ ಕವರು, ಅದರ ಮೇಲೆ ಹೂವು, ಬಳೆ. ಪತ್ರದಲ್ಲಿ ಬರೆದಿದ್ದಂತೆ ಅರಿಶಿನ-ಕುಂಕುಮಕ್ಕೆಂದು ಅವಳಿಗೆ ಬಂದ ಚೆಕ್ಕು ಐವತ್ತು ಸಾವಿರದ್ದು. ಅಣ್ಣನ ಖಾತೆಗೆ ಎಷ್ಟು ಬಂದಿದೆ ಎಂಬುದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಅರ್ಜಿಯ ಮೇಲೆ ಸಹಿ ಹಾಕುತ್ತ ಅವಳು ಕೇಳಿದ್ದು ಹಣದ ವಿಷಯವಲ್ಲ. "ಅಣ್ಣ, ಬಾವಿ ಹತ್ರ ಅವ್ವ ನೆಟ್ಟಿದ್ದ ಹಲಸಿನ ಮರಾನೂ ಹೋಯ್ತಾ?" ಅಂದಳು. "ಅದಕ್ಕೂ ದುಡ್ಡು ಕಟ್ಟವ್ರೆ ಕಣಮ್ಮ" ಅಂದ ಅಣ್ಣ. ಅವನ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಸಮಾಧಾನ ಹೇಳುವಂತೆಯೇ ಹೇಳಿದ.

ಎರಡು ವರ್ಷವಾಗುವಷ್ಟರಲ್ಲಿ ಆ ಹೆಣ್ಣುಮಗಳು ದಾವಾ ಹೂಡಿದಳು. ಗೌರಿಹಬ್ಬಕ್ಕೆ ತವರಿಂದ ಬಾಗಿನ ಬರುವುದು ನಿಂತಿತು. ಅವ್ವ ತೀರಿಕೊಂಡಾಗ ತಿಥಿಯ ಊಟಕ್ಕೆ ಅವಳನ್ನು ಕರೆಯುವವರು ಇರಲಿಲ್ಲ. ಅಣ್ಣನ ಮನೆ ಮೂರು ಅಂತಸ್ತಾಗಿತ್ತು.

ಕಾನೂನು ಏನು ಹೇಳುತ್ತದೆಂದು ತಿಳಿದಿರಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು, ಅದು ಆಗಿನ್ನೂ ಮದುವೆಯಾಗದವರಿಗೆ ಮಾತ್ರ ಇತ್ತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಮದುವೆಯಾದವರು, ಆಗದವರು ಎಂಬ ಭೇದವಿಲ್ಲದೆ ಮಗನಷ್ಟೇ ಪಾಲು ಮಗಳಿಗೂ ಕೊಟ್ಟಿತು. ತಿದ್ದುಪಡಿ ಬಂದಾಗ ತಂದೆ ಬದುಕಿದ್ದರೇ ಇಲ್ಲವೇ ಎಂಬುದು ಮುಖ್ಯವಲ್ಲ ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖಚಿತವಾಗಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ವಿಭಾಗ ಪತ್ರ ಇದ್ದರೆ ಮಾತು ಬೇರೆ. ಇನ್ನೊಂದು ವಿಷಯ: ಪರಿಹಾರ ಯಾರಿಗೆ ಎಷ್ಟು ಎಂದು ತಕರಾರು ಎದ್ದರೆ ಭೂಸ್ವಾಧೀನಾಧಿಕಾರಿ ಹಣವನ್ನು ನಿಮ್ಮ ಕೈಗೆ ಕೊಡುವುದಿಲ್ಲ, ನ್ಯಾಯಾಲಯದಲ್ಲಿ ಠೇವಣಿ ಇಡುತ್ತಾರೆ. ಹೊಲವೂ ಹೋಗಿ, ಹಣವೂ ಬಾರದೆ, ವಕೀಲರ ಕಚೇರಿಯ ಮೆಟ್ಟಿಲ ಮೇಲೆ ಅಣ್ಣ ಒಂದು ಕಡೆ ತಂಗಿ ಒಂದು ಕಡೆ ಕೂತಿರುವುದನ್ನು ನಮ್ಮ ಕಡೆಯವರು ಬೇಕಾದಷ್ಟು ನೋಡಿದ್ದಾರೆ.

ಕಾನೂನಿಗೆ ಹೆದರಿ ಪಾಲು ಕೊಡಿ ಎಂದು ನಾನು ಹೇಳುತ್ತಿಲ್ಲ. ಆ ಬಾವಿಯಿಂದ ನೀರು ಸೇದಿದವಳು ಅವಳು. ಸೊಪ್ಪು ಕೊಯ್ದು, ಹುಳುವಿಗೆ ಹಾಕಿ, ಆಮೇಲೆ ಸ್ಕೂಲಿಗೆ ಓಡಿದವಳು ಅವಳು. ಅಣ್ಣ ಓದಲಿ ಎಂದು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳೂ ಎಷ್ಟೋ ಮನೆಯಲ್ಲಿ ಅವಳೇ.

ಇನ್ನು ಕಾಲೋನಿಯವರು. ಒಕ್ಕಲುತನದ ಊರಿನಲ್ಲಿ ಜಮೀನಿಲ್ಲದವನೂ ಬದುಕುತ್ತಾನೆ. ಕೂಲಿ ಇರುತ್ತದೆ, ವಾರಕ್ಕೆ ಮಾಡುವ ತುಂಡು ನೆಲ ಇರುತ್ತದೆ, ಬದುವಿನ ಹುಲ್ಲಿನಿಂದ ಒಂದು ಹಸು ಕಟ್ಟಬಹುದು. ಜಮೀನು ಹೋದ ದಿನ ಇದೆಲ್ಲ ಹೋಗುತ್ತದೆ, ಅವನ ಹೆಸರಿಗೆ ಒಂದು ನೋಟಿಸು ಕೂಡ ಬರುವುದಿಲ್ಲ. 2013ರ ಭೂಸ್ವಾಧೀನ ಕಾಯ್ದೆ ಈ ಜನರನ್ನೂ ಬಾಧಿತ ಕುಟುಂಬ ಎಂದೇ ಕರೆಯುತ್ತದೆ. ಸ್ವಾಧೀನಕ್ಕೆ ಮುಂಚಿನ ಮೂರು ವರ್ಷ ಆ ನೆಲದಲ್ಲಿ ದುಡಿದು ಹೊಟ್ಟೆ ಹೊರೆಯುತ್ತಿದ್ದ ಕೂಲಿಯವರು, ಗೇಣಿದಾರರು, ಕುಶಲಕರ್ಮಿಗಳು ಆ ಮಾತಿನಲ್ಲಿ ಸೇರುತ್ತಾರೆ. ಆಂಧ್ರದ ಅಮರಾವತಿಯಲ್ಲಿ 2015ರಲ್ಲಿ ರೈತರಿಂದ ಭೂಮಿ ಪಡೆದಾಗ ಜಮೀನಿಲ್ಲದ ಕುಟುಂಬಗಳಿಗೂ ಹತ್ತು ವರ್ಷ ತಿಂಗಳಿಗೆ 2,500 ರೂಪಾಯಿ ಪಿಂಚಣಿ ಎಂದು ಯೋಜನೆಯಲ್ಲೇ ಬರೆದಿದ್ದರು. ಮೊತ್ತ ಸಣ್ಣದು. ಆದರೂ ಅವರೂ ಇದ್ದಾರೆ ಎಂದು ಒಪ್ಪಿಕೊಂಡ ಹಾಗಾಯಿತು. ನೀವು ಸರ್ಕಾರದ ಮುಂದೆ ದರದ ಮಾತಿಗೆ ಕೂರುವಾಗ ನಿಮ್ಮ ಬೇಡಿಕೆಯ ಪಟ್ಟಿಯಲ್ಲಿ ಅವರ ಹೆಸರು ಎಷ್ಟನೆಯ ಸಾಲಿನಲ್ಲಿದೆ? ಧರಣಿಯ ಪೆಂಡಾಲಿನಲ್ಲಿ ಅವರು ನಿಮ್ಮ ಜೊತೆ ಕೂತಿದ್ದಾರೆ ತಾನೇ?

ಹುಡುಗರ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ, ನಿಮಗೆ ಗೊತ್ತಿಲ್ಲದ್ದೇನಲ್ಲ. ಕಾರು ಕೊಳ್ಳಬೇಡಿ ಎನ್ನಲಾರೆ. ಬಿಸಿಲಲ್ಲಿ ಬೆಂದವರು ಒಂದು ದಿನ ತಣ್ಣಗೆ ಕೂತು ಹೋಗುವುದು ನ್ಯಾಯವೇ. ಒಳ್ಳೆಯ ಮನೆ ಕಟ್ಟಿಕೊಳ್ಳಿ, ಸೋರದ ಸೂರಿನ ಕೆಳಗೆ ಮಲಗುವ ಆಸೆ ಯಾರಿಗಿಲ್ಲ. ನನ್ನ ಸಂಕಟ ಬೇರೆ. ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದ ಹುಡುಗ, ಅಪ್ಪನ ಖಾತೆಗೆ ಹಣ ಬಂದ ತಿಂಗಳು ಕಾಲೇಜು ಬಿಡುತ್ತಾನೆ. ಅವನನ್ನು ಕಂಡರೆ ಎದ್ದು ನಿಲ್ಲುವ ಹತ್ತು ಜನ ಹುಟ್ಟಿಕೊಳ್ಳುತ್ತಾರೆ, ಅಣ್ಣ ಎನ್ನುತ್ತಾರೆ, ಹುಟ್ಟುಹಬ್ಬಕ್ಕೆ ಸರ್ಕಲ್ಲಿನಲ್ಲಿ ಫ್ಲೆಕ್ಸು ಕಟ್ಟುತ್ತಾರೆ. ಇಪ್ಪತ್ತೆರಡು ವರ್ಷದವನಿಗೆ ತಾನು ಮಾಡಬೇಕಾದ ಕೆಲಸ ಯಾವುದೂ ಇಲ್ಲ ಎನಿಸುವುದು ದೊಡ್ಡ ಕಾಯಿಲೆ. ಹಣ ಮುಗಿದಾಗ ಫ್ಲೆಕ್ಸು ಕಟ್ಟಿದವರು ಇರುವುದಿಲ್ಲ. ಅವನಿಗೆ ಆಗ ಮೂವತ್ತು ದಾಟಿರುತ್ತದೆ, ಕೈಯಲ್ಲಿ ಕಸುಬಿಲ್ಲ, ಉಳಲು ಹೊಲವಿಲ್ಲ. ತಾನು ಉತ್ತಿದ್ದ ನೆಲದ ಮೇಲೆ ಎದ್ದ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿ ಸಮವಸ್ತ್ರದಲ್ಲಿ ಕೂತ ಒಬ್ಬರನ್ನು ನಾನು ಬಲ್ಲೆ. ಯಾವ ಕೆಲಸವೂ ಕೀಳಲ್ಲ. ಅವರ ಮಗ ಶಾಲೆಗೆ ಹೋಗುತ್ತಿದ್ದರೆ ಸಾಕು ಎಂದು ಅವರೇ ಹೇಳಿದರು.

ಹೀಗೆ ಹಣ ಕಳೆದುಕೊಳ್ಳುವುದು ಹಳ್ಳಿಯವರ ಅವಿವೇಕ ಎಂದು ನಗರದವರು ಆಡಿಕೊಳ್ಳುವುದನ್ನು ಕೇಳಿದ್ದೇನೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಪೆಸಿಫಿಕ್ ಸಾಗರದಲ್ಲಿ ನೌರು ಎಂಬ ಪುಟ್ಟ ದೇಶವಿದೆ, ಒಟ್ಟು 21 ಚದರ ಕಿಲೋಮೀಟರ್. ಅಲ್ಲಿನ ನೆಲದ ಬಹುಭಾಗ ಗೊಬ್ಬರಕ್ಕೆ ಬೇಕಾದ ಫಾಸ್ಫೇಟ್. 1968ರಲ್ಲಿ ಸ್ವತಂತ್ರವಾದ ಮೇಲೆ ಆ ದೇಶ ತನ್ನ ಮಣ್ಣನ್ನು ಅಗೆದು ಹಡಗಿಗೆ ತುಂಬಿ ಮಾರಿತು. 1970ರ ದಶಕದಲ್ಲಿ ತಲಾ ಆದಾಯದಲ್ಲಿ ಜಗತ್ತಿನ ಅತಿ ಶ್ರೀಮಂತ ದೇಶಗಳ ಸಾಲಿನಲ್ಲಿ ಅದಿತ್ತು. ಮೆಲ್ಬರ್ನಿನಲ್ಲಿ ಗಗನಚುಂಬಿ ಕಟ್ಟಡ ಕಟ್ಟಿಸಿತು, ಸ್ವಂತ ವಿಮಾನ ಕಂಪನಿ ನಡೆಸಿತು, 1993ರಲ್ಲಿ ಲಂಡನ್ನಿನಲ್ಲಿ ಒಂದು ಸಂಗೀತ ನಾಟಕಕ್ಕೂ ಹಣ ಹಾಕಿ ಕಳೆದುಕೊಂಡಿತು. ಮುಂದಿನ ಪೀಳಿಗೆಗೆಂದು ಇಟ್ಟಿದ್ದ ನಿಧಿ ಕರಗಿತು. 2004ರಲ್ಲಿ ಮೆಲ್ಬರ್ನಿನ ಆ ಕಟ್ಟಡವೂ ಸಾಲಕ್ಕೆ ಹೋಯಿತು. ದ್ವೀಪದ ನಡುಭಾಗದಲ್ಲಿ ಈಗ ಬೆಳೆ ಬೆಳೆಯಲಾಗದ ಸುಣ್ಣಕಲ್ಲಿನ ಮೊನೆಗಳು ಉಳಿದಿವೆ. ಮಂತ್ರಿಗಳು, ಲೆಕ್ಕಪರಿಶೋಧಕರು, ವಿದೇಶಿ ಸಲಹೆಗಾರರು ಎಲ್ಲ ಇದ್ದ ಒಂದು ದೇಶಕ್ಕೆ ಹೀಗಾಯಿತು. ಆದ್ದರಿಂದ ರೈತನೊಬ್ಬ ಎಡವಿದರೆ ಅವನನ್ನು ನೋಡಿ ನಗುವ ಹಕ್ಕು ಯಾರಿಗೂ ಇಲ್ಲ. ಆದರೆ ನೌರುವಿನಿಂದ ಕಲಿಯುವುದಿದೆ. ಮಣ್ಣು ಮಾರಿ ಬಂದ ಹಣವನ್ನು ಅವರು ಆದಾಯ ಎಂದುಕೊಂಡರು. ಪರಿಹಾರ ಆದಾಯವಲ್ಲ, ಅದು ನಿಮ್ಮ ಹೊಲವೇ. ಹೊಲದಿಂದ ಬರುತ್ತಿದ್ದ ಬೆಳೆಯಷ್ಟನ್ನು ಮಾತ್ರ ಉಣ್ಣಬೇಕು.

ವೃಷಭಾವತಿಯ ಮಾತನ್ನೂ ಆಡದಿದ್ದರೆ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಬಸವನಗುಡಿಯ ಹತ್ತಿರ ಹುಟ್ಟಿ, ನಮ್ಮ ಕೆಂಗೇರಿಯನ್ನು ದಾಟಿ, ಆ ಹೊಳೆ ನಿಮ್ಮ ಬೈರಮಂಗಲ ಕೆರೆಗೆ ಬಂದು ಬೀಳುತ್ತದೆ. ನಮ್ಮ ಬಡಾವಣೆಗಳ ಕೊಳಚೆ, ಮೈಸೂರು ರಸ್ತೆಯ ಕಾರ್ಖಾನೆಗಳ ನೀರು ಎಲ್ಲ ಸೇರಿ ನಿಮ್ಮ ಕೆರೆಯಲ್ಲಿ ನೊರೆಯಾಗಿ ಏಳುತ್ತದೆ. ನಮ್ಮ ಕಡೆಯ ಊರುಗಳಲ್ಲಿ ಜಮೀನಿನ ಬೆಲೆ ಏರಿದ ವರ್ಷಗಳಲ್ಲೇ ಕೆರೆಯ ಕಾಲುವೆಗಳು ಮುಚ್ಚಿದವು. ಆಗ ಎಲ್ಲರ ಲಕ್ಷ್ಯವೂ ಚದರಡಿಯ ದರದ ಮೇಲಿತ್ತು, ಕೋಡಿ ಎಲ್ಲಿತ್ತು ಎಂದು ಕೇಳುವವರಿರಲಿಲ್ಲ. ಗೋಮಾಳ, ಗುಂಡುತೋಪು, ಸ್ಮಶಾನ, ಕೆರೆಯಂಗಳ, ಇವುಗಳ ಪಹಣಿಯಲ್ಲಿರುವುದು ಸರ್ಕಾರದ ಹೆಸರು. ಆದ್ದರಿಂದ ಇವು ಹೋದಾಗ ಯಾರ ಖಾತೆಗೂ ಹಣ ಬರುವುದಿಲ್ಲ, ಯಾರೂ ಜಗಳಕ್ಕೆ ನಿಲ್ಲುವುದೂ ಇಲ್ಲ. ದರದ ಮಾತಿಗೆ ಕೂತಾಗ ನಕ್ಷೆಯ ಮೇಲೆ ಇವನ್ನು ಮೊದಲು ಗುರುತು ಹಾಕಿಸಿ.

ಸರಿಯಾಗಿ ನಡೆಸಿಕೊಂಡವರೂ ಇದ್ದಾರೆ. ಒಬ್ಬ ಹಿರಿಯರು, ಪಂಚೆ ಉಟ್ಟು ಹೆಗಲ ಮೇಲೆ ಟವೆಲು ಹಾಕಿಕೊಂಡು ಬಂದವರು, ಹಣ ಜಮೆಯಾದ ವಾರ ಒಂದು ರೂಪಾಯಿ ತೆಗೆಯಲಿಲ್ಲ. ಮುಂದಿನ ವಾರ ಇಬ್ಬರು ಹೆಣ್ಣುಮಕ್ಕಳು, ಅಳಿಯಂದಿರು, ಮಗ, ಸೊಸೆ ಎಲ್ಲರನ್ನೂ ಕರೆದುಕೊಂಡು ಬಂದರು. ಕುರ್ಚಿ ಸಾಲದೆ ನಾವು ಕ್ಯಾಶಿಯರ್ ಕಡೆಯಿಂದ ಸ್ಟೂಲು ತರಿಸಿದೆವು. ಮೂರು ಮಕ್ಕಳಿಗೂ ಸಮ ಪಾಲು. ಹೆಂಡತಿಯ ಹೆಸರಿನಲ್ಲಿ ಬೇರೆ ಠೇವಣಿ, ತಿಂಗಳು ತಿಂಗಳು ಬಡ್ಡಿ ಅವರ ಖಾತೆಗೇ ಬೀಳುವಂತೆ. "ಇವ್ಳು ಹಾಲಿನ್ ದುಡ್ಡು ನೋಡ್ಕೊತಿದ್ಲು, ನನ್ ಮುಂದೆ ಯಾವತ್ತೂ ಕೈ ಚಾಚ್ದೋಳಲ್ಲ. ಇನ್ಮುಂದೆನೂ ಚಾಚ್ಬಾರ್ದು" ಅಂದರು. ಕೊನೆಗೆ ಹೊರಗೆ ನಿಂತಿದ್ದ ಒಬ್ಬನನ್ನು ಒಳಗೆ ಕರೆದರು. ಅವರ ತೋಟದಲ್ಲಿ ಹುಡುಗನಾಗಿದ್ದಾಗಿನಿಂದ ದುಡಿದವನಂತೆ. ಅವನ ಹೆಸರಿಗೂ ಒಂದು ಠೇವಣಿ ಬರೆಸಿದರು. ಎದುರಿನ ಕುರ್ಚಿಯಲ್ಲಿ ಕೂರು ಎಂದರೆ ಅವನು ಕೂರಲಿಲ್ಲ, ಅವರು ರಟ್ಟೆ ಹಿಡಿದು ಕೂರಿಸಿದರು. ಉಳಿದ ಹಣದಲ್ಲಿ ಕುಣಿಗಲ್ ಕಡೆ ಸ್ವಲ್ಪ ಜಮೀನು ಕೊಂಡರು. ಆ ಮನೆಯವರು ಈಗಲೂ ಊರಹಬ್ಬಕ್ಕೆ ಒಟ್ಟಿಗೇ ಸೇರುತ್ತಾರೆ.

ಬ್ಯಾಂಕಿನವಳಾಗಿ ಒಂದೆರಡು ಮಾತು. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ವಿಮೆಯ ರಕ್ಷೆ ಇರುವುದು 5 ಲಕ್ಷ ರೂಪಾಯಿಗೆ ಮಾತ್ರ, ಅದೂ 2020ರ ಫೆಬ್ರುವರಿಯಿಂದ. ಅದೇ ವರ್ಷದ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಗ್ರಾಹಕರು 35,000 ರೂಪಾಯಿಗಿಂತ ಹೆಚ್ಚು ತೆಗೆಯದಂತೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು. ಜೀವಮಾನದ ಉಳಿತಾಯ ಇಟ್ಟಿದ್ದ ವೃದ್ಧರು ಬೀದಿಯಲ್ಲಿ ನಿಂತು ಅತ್ತರು. ಎರಡು ಪೈಸೆ ಹೆಚ್ಚು ಬಡ್ಡಿ ಎಂದವರ ಹಿಂದೆ ಹೋಗಬೇಡಿ, ಎಲ್ಲವನ್ನೂ ಒಂದೇ ಕಡೆ ಇಡಬೇಡಿ. ಚೆಕ್ಕು ಬರುವ ಮುಂಚೆಯೇ ಮನೆಗೆ ಬಂದು ಜಿಪಿಎ ಬರೆದುಕೊಡಿ, ಓಡಾಟವೆಲ್ಲ ನಮಗಿರಲಿ ಎನ್ನುವವರಿಗೆ ಸಹಿ ಮಾಡಬೇಡಿ. ಮೊದಲ ಆರು ತಿಂಗಳು ದೊಡ್ಡ ಖರ್ಚು ಯಾವುದೂ ಬೇಡ. ಮದುವೆ ಇದ್ದರೆ ಮೊದಲು ಅಂದುಕೊಂಡಿದ್ದ ಛತ್ರದಲ್ಲೇ ಮಾಡಿ.

ಎಲ್ಲಕ್ಕಿಂತ ಮೊದಲು, ನೋಟಿಸು ಬಂದ ವಾರವೇ ಹೆಣ್ಣುಮಕ್ಕಳನ್ನು ಕರೆಸಿ. ಸಹಿಗಲ್ಲ, ಮಾತಿಗೆ. ವಂಶವೃಕ್ಷ ಮಾಡಿಸುವಾಗ ಯಾರ ಹೆಸರನ್ನೂ ಬಿಡಬೇಡಿ. ಎಷ್ಟು ಬರುತ್ತದೆ ಎಂಬ ಅಂಕಿಯನ್ನು ಅವ್ವನಿಗೂ, ಹೆಂಡತಿಗೂ, ತಂಗಿಗೂ ಒಂದೇ ದಿನ, ಒಂದೇ ಚಾಪೆಯ ಮೇಲೆ ಕೂತು ಹೇಳಿ. ನಾನು ನೋಡಿದ ಜಗಳಗಳಲ್ಲಿ ಅರ್ಧಕ್ಕರ್ಧ, ಪಾಲು ಕಡಿಮೆಯಾಯಿತೆಂದು ಹುಟ್ಟಿದವಲ್ಲ. ಅಂಕಿಯನ್ನು ಬಚ್ಚಿಟ್ಟರೆಂದು ಹುಟ್ಟಿದವು.

ಕಾಗದಪತ್ರ ಓದಿ ಹೇಳುವವರು ಬೇಕಾದರೆ ನಾನೂ, ನನ್ನಂತೆ ನಿವೃತ್ತರಾದ ಇಬ್ಬರು ಗೆಳತಿಯರೂ ಬರಲು ಸಿದ್ಧರಿದ್ದೇವೆ. ಭಾನುವಾರಗಳಲ್ಲಿ ಡೇರಿಯ ಮುಂದೆಯೋ, ಶಾಲೆಯ ಜಗಲಿಯಲ್ಲೋ ಒಂದು ಮೇಜು ಹಾಕಿಕೊಟ್ಟರೆ ಸಾಕು. ಫೀಸಿಲ್ಲ. ಪಹಣಿ, ನೋಟಿಸು, ಹಳೆಯ ವಿಭಾಗ ಪತ್ರ ಇದ್ದರೆ ಅದನ್ನೂ ತನ್ನಿ. ಮನೆಯ ಹೆಂಗಸರು ಜೊತೆಗೆ ಬರಲಿ.

ಇಂತಿ ನಿಮ್ಮ,
ನಿವೃತ್ತ ಬ್ಯಾಂಕ್ ಉದ್ಯೋಗಿ
ಕೆಂಗೇರಿ ಉಪನಗರ